ಒಡಿಸ್ಸಿಯನ್ನು ಟಿ.ವಿ.ಗೆ ತರುವುದಾದರೆ ಮೊದಲ ಕಂತು ಎಲ್ಲಿಂದ?

ಸಂಭಾಷಣೆಗಾರ:

ಹನ್ನೊಂದು ವರ್ಷಗಳಿಂದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಏನು ಹೇಳಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಈಚೆಗೆ ರಾತ್ರಿ ಕೆಲಸ ಮುಗಿದ ಮೇಲೆ ಪ್ರಾಚೀನ ಗ್ರೀಕ್ ಕವಿ ಹೋಮರನ ಒಡಿಸ್ಸಿ ಮಹಾಕಾವ್ಯವನ್ನು ಓದತೊಡಗಿದೆ. ಟ್ರಾಯ್ ಯುದ್ಧಕ್ಕೆ ಹೋದ ಇಥಾಕಾದ ರಾಜ ಒಡಿಸಿಯಸ್ ಇಪ್ಪತ್ತು ವರ್ಷದ ಮೇಲೆ ಮನೆಗೆ ಮರಳುವ ಕಥೆ ಅದು. ಇದನ್ನು ಟಿ.ವಿ.ಗೆ ತಂದವರು ಏನು ಮಾಡಿದ್ದಾರೆ ನೋಡೋಣ ಎಂದು ಹುಡುಕಿ ಹೊರಟವನಿಗೆ ಈಗ ತಲೆಯಲ್ಲಿ ಒಂದೇ ಜಗಳ.

1997ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಎರಡು ರಾತ್ರಿಗಳಲ್ಲಿ ತೋರಿಸಿದ ಒಡಿಸ್ಸಿ ಇದೆ. ನಿರ್ದೇಶಕ ಆಂದ್ರೆ ಕೊಂಚಲೋವ್‌ಸ್ಕಿ, ಒಡಿಸಿಯಸ್‌ನಾಗಿ ಅರ್ಮಾಂಡ್ ಅಸಾಂಟೆ. ಅದು ಮಗ ಟೆಲಿಮೇಕಸ್ ಹುಟ್ಟಿದ ದಿನದಿಂದ ಶುರುವಾಗುತ್ತದೆ. ಮಗ ಹುಟ್ಟಿದ, ಯುದ್ಧಕ್ಕೆ ಕರೆ ಬಂತು, ಅಪ್ಪ ಹೊರಟ, ಟ್ರಾಯ್ ಬಿತ್ತು, ಕಡಲಲ್ಲಿ ಅಲೆದ, ಮನೆಗೆ ಬಂದ. ನೂಲು ಹಿಡಿದು ಎಳೆದಂತೆ ನೆಟ್ಟಗಿದೆ.

ಕಾವ್ಯ ಹಾಗಿಲ್ಲ. 24 ಸರ್ಗಗಳು, 12,000ಕ್ಕೂ ಹೆಚ್ಚು ಸಾಲುಗಳು, ಆದರೆ ನಾಯಕ ನಮ್ಮ ಕಣ್ಣಿಗೆ ಬೀಳುವುದು ಐದನೆಯ ಸರ್ಗದಲ್ಲಿ. ಆಗಲೂ ಅವನ ಕೈಯಲ್ಲಿ ಕತ್ತಿಯಿಲ್ಲ. ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದ ದಂಡೆಯಲ್ಲಿ ಕುಳಿತು ಅಳುತ್ತಿದ್ದಾನೆ. ಅದಕ್ಕೆ ಮೊದಲಿನ ನಾಲ್ಕು ಸರ್ಗಗಳಲ್ಲಿ ನಾವು ನೋಡುವುದು ಅವನಿಲ್ಲದ ಮನೆಯನ್ನು: ಅವನ ಹೆಂಡತಿಯನ್ನು ಮದುವೆಯಾಗಲು ಬಂದು ಅಂಗಳ ತುಂಬ ಅವನ ಹಂದಿ ಕೊಯ್ದು ತಿನ್ನುವ ಯುವಕರು, ಮೇಲಿನ ಕೋಣೆಯಲ್ಲಿ ಹೆಂಡತಿ ಪೆನೆಲೊಪಿ, ಮೀಸೆ ಮೂಡುವ ವಯಸ್ಸಿನ ಮಗ. ಒಕ್ಕಣ್ಣ ದೈತ್ಯ, ಮಾಟಗಾತಿ, ಹಾಡಿ ಸೆಳೆದು ಕೊಲ್ಲುವ ಸೈರನ್‌ಗಳು ಎಲ್ಲ ಸೇರಿ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ಸರ್ಗಗಳಲ್ಲಿ ಮುಗಿಯುತ್ತವೆ. ಅದೂ ಊಟವಾದ ಮೇಲೆ ಅವನೇ ಹೇಳಿದ ಕಥೆ, ಸಾಕ್ಷಿಗಳೆಲ್ಲ ಸತ್ತಿದ್ದಾರೆ. ಹದಿಮೂರನೆಯ ಸರ್ಗದಿಂದ ಆಚೆಗೆ, ಅಂದರೆ ಅರ್ಧ ಕಾವ್ಯ, ಮತ್ತೆ ಅದೇ ಇಥಾಕಾ.

ಕಡಲಿನ ಕಥೆ ಎಂದು ಎಲ್ಲರೂ ಹಡಗು ಕಟ್ಟಿಸಲು ಹೊರಡುತ್ತಾರೆ. ನನ್ನ ಮಟ್ಟಿಗೆ ಇದು ಯಜಮಾನನಿಲ್ಲದ ಒಂದು ಮನೆಯ ಕಥೆ, ಹಾಗಾಗಿ ಟಿ.ವಿ.ಗೆ ಹೇಳಿ ಮಾಡಿಸಿದ್ದು. ನೇಯ್ಗೆ ಮುಗಿದ ಮೇಲೆ ಮದುವೆ ಎಂದು ಹೇಳಿ, ಹಗಲೆಲ್ಲ ನೇಯ್ದು ರಾತ್ರಿ ದೀಪದ ಬೆಳಕಿನಲ್ಲಿ ಅದನ್ನೇ ಬಿಚ್ಚಿ ಮೂರು ವರ್ಷ ದಾಟಿಸಿದ ಪೆನೆಲೊಪಿಗಿಂತ ದೊಡ್ಡ ಕುಲದೇವತೆ ದಿನದ ಧಾರಾವಾಹಿ ಬರೆಯುವವರಿಗೆ ಬೇರೆ ಯಾರಿದ್ದಾರೆ? ನೀವು ಬರೆಯುವುದಾದರೆ ಎಲ್ಲಿಂದ ಶುರು ಮಾಡುತ್ತೀರಿ?

ಕತ್ತರಿ:

ನಾನು ಸಂಕಲನಕಾರ. ನಾಲ್ಕು ಕಂತು ನಾಯಕನಿಲ್ಲದೆ ಓಡಿಸಿದರೆ ಐದನೆಯ ಕಂತಿಗೆ ವಾಹಿನಿಯವರೂ ಇರುವುದಿಲ್ಲ. ಕೊಂಚಲೋವ್‌ಸ್ಕಿ ಮಾಡಿದ್ದು ಸರಿಯಾಗಿಯೇ ಇದೆ. ಅವರ ಕೈಯಲ್ಲಿದ್ದದ್ದು ಸುಮಾರು ಮೂರು ಗಂಟೆ, ನಡುವೆ ಜಾಹೀರಾತು ಬೇರೆ. ಆ ನಿರ್ದೇಶನಕ್ಕೆ ಎಮ್ಮಿ ಪ್ರಶಸ್ತಿಯೂ ಬಂದಿದೆ. ಹೋಮರ ಹೇಗೆಂದರೆ ಹಾಗೆ ಶುರು ಮಾಡಬಹುದಿತ್ತು, ಏಕೆಂದರೆ ಕೇಳುವವರಿಗೆಲ್ಲ ಕಥೆ ಮೊದಲೇ ಗೊತ್ತಿತ್ತು. ನಿಮ್ಮ ವೀಕ್ಷಕರಿಗೆ ಗೊತ್ತಿದೆಯೇ?

ಹಳೆಯ ಆಂಟೆನಾ:

ಕತ್ತರಿಯವರ ಕೊನೆಯ ಪ್ರಶ್ನೆಯೇ ಇಲ್ಲಿ ಮುಖ್ಯ. ರಮಾನಂದ ಸಾಗರರ ರಾಮಾಯಣ 1987ರ ಜನವರಿ 25ರಂದು ಶುರುವಾದಾಗ ನಾನು ಏಳನೆಯ ತರಗತಿ. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಆ ಮನೆಯ ಮೆಟ್ಟಿಲಿನ ಮೇಲೆ ಚಪ್ಪಲಿಗಳ ರಾಶಿ, ಹೊರಡುವಾಗ ನಮ್ಮ ಜೋಡಿ ಹುಡುಕುವುದೇ ಒಂದು ಕೆಲಸ. ಹಿಂದಿ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಯಾರೂ 'ಮುಂದೇನಾಯಿತು' ಎಂದು ಕೇಳಲಿಲ್ಲ. ಮುಂದೇನು ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು, ಅದನ್ನು ಹೇಗೆ ಮಾಡುತ್ತಾರೆ ಎಂದು ನೋಡಲು ಅವರು ಕೂರುತ್ತಿದ್ದರು. ಗ್ರೀಕರೂ ಹೀಗೆಯೇ ಕೂತಿರಬೇಕು.

ಗೊತ್ತಿಲ್ಲದವರಿಗೆ ಹೇಳುವಾಗ ಒಬ್ಬ ಸೂತ್ರಧಾರ ಬೇಕು. ಬಿ.ಆರ್. ಚೋಪ್ರಾ ಅವರ ಮಹಾಭಾರತದಲ್ಲಿ ಕಾಲವೇ ಮಾತನಾಡುತ್ತಿತ್ತಲ್ಲ, ಆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಗುಡುಗಿನಂಥ ಆ ದನಿ ಎರಡು ವಾಕ್ಯ ಹೇಳಿದರೆ ಇಪ್ಪತ್ತು ವರ್ಷ ದಾಟಿಬಿಡಬಹುದಿತ್ತು.

ಸಂಭಾಷಣೆಗಾರ:

ಹಿರಿಯರೇ, ಇಟಲಿಯವರು 1968ರಲ್ಲಿ ಮಾಡಿದ್ದನ್ನು ನೀವು ನೋಡಬೇಕು. ರಾಯ್ ವಾಹಿನಿಯ ಎಂಟು ಕಂತುಗಳ ಒಡಿಸ್ಸಿ, ಮುಖ್ಯ ನಿರ್ದೇಶಕ ಫ್ರಾಂಕೊ ರೊಸ್ಸಿ. ಪ್ರತಿ ಕಂತಿನ ಮೊದಲು ಕವಿ ಜುಸೆಪ್ಪೆ ಉಂಗರೆತ್ತಿ ಬಂದು ಹೋಮರನ ಸಾಲುಗಳನ್ನು ಓದುತ್ತಾರೆ. ಆಗ ಅವರಿಗೆ 80 ವರ್ಷ. ಆ ಮುಖದ ಸುಕ್ಕು, ಪ್ರತಿ ಪದವನ್ನೂ ಹಲ್ಲಿನಿಂದ ಕಚ್ಚಿ ಬಿಡುವ ಆ ಓದು! ಕಥಾಸಾರಾಂಶ ಹೇಳುವ ಕೆಲಸವನ್ನು ದೇಶದ ದೊಡ್ಡ ಕವಿಯೊಬ್ಬರಿಗೆ ಕೊಟ್ಟಿದ್ದಾರೆ. ಇಲ್ಲಿ ನಾವು ಅದೇ ಕೆಲಸಕ್ಕೆ 'ಹಿಂದಿನ ಸಂಚಿಕೆಯಲ್ಲಿ' ಎಂದು ಬರೆದು ಮೂರು ಸಲ ಮಿಂಚು ಹೊಡೆಸುತ್ತೇವೆ.

ಕತ್ತರಿ ಸರ್, ಆ ಧಾರಾವಾಹಿ ಶುರುವಾಗುವುದು ಇಥಾಕಾದಿಂದಲೇ. ಒಡಿಸಿಯಸ್ ತನ್ನ ಅಲೆದಾಟವನ್ನು ತನಗೆ ಆಶ್ರಯ ಕೊಟ್ಟ ಫಿಯೇಷಿಯನ್ನರ ಅರಮನೆಯಲ್ಲಿ ಕುಳಿತು ತಾನೇ ಹೇಳುತ್ತಾನೆ, ಕಾವ್ಯದಲ್ಲಿರುವಂತೆ. ಯಾವ ವಾಹಿನಿಯೂ ಮುಳುಗಲಿಲ್ಲ.

ಗಮಕಪ್ರಿಯೆ:

ಆ 1968ರ ಧಾರಾವಾಹಿಯ ಬಗ್ಗೆ ನನಗೆ ಖುಷಿ ಕೊಡುವ ಒಂದು ಕಾಕತಾಳೀಯವಿದೆ. ಅದರ ಚಿತ್ರೀಕರಣ ನಡೆದದ್ದು ಯುಗೊಸ್ಲಾವಿಯದಲ್ಲಿ. ಒಡಿಸಿಯಸ್ ಆದ ಬೆಕಿಮ್ ಫೆಹ್ಮಿಯು ಹುಟ್ಟಿದ್ದು ಸರಾಯೆವೊದಲ್ಲಿ. ಇದಕ್ಕೂ ಮೂರು ದಶಕ ಮೊದಲು, 1930ರ ದಶಕದಲ್ಲಿ, ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ತನ್ನ ಶಿಷ್ಯ ಆಲ್ಬರ್ಟ್ ಲಾರ್ಡ್ ಜೊತೆ ಧ್ವನಿಮುದ್ರಣ ಯಂತ್ರ ಹೊತ್ತು ಅದೇ ದೇಶದ ಹಳ್ಳಿಗಳಿಗೆ ಹೋಗಿದ್ದ. ಅಲ್ಲಿ ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ಹಿಡಿದು ವೀರಗಾಥೆ ಹಾಡುವವರಿದ್ದರು. ಕೆಲವರಿಗೆ ಓದಲು ಬರೆಯಲು ಬರುತ್ತಿರಲಿಲ್ಲ, ಆದರೂ ಸಾವಿರಾರು ಸಾಲು ಹಾಡುತ್ತಿದ್ದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿರಲಿಲ್ಲ. ಸಿದ್ಧವಾಗಿದ್ದ ನುಡಿಗಟ್ಟುಗಳನ್ನು ಜೋಡಿಸಿ ಹಾಡುತ್ತಲೇ ಕಟ್ಟುತ್ತಿದ್ದರು. ಹೋಮರನ ಕಾವ್ಯದಲ್ಲಿ ಮತ್ತೆ ಮತ್ತೆ ಬರುವ 'ಗುಲಾಬಿ ಬೆರಳಿನ ಉಷೆ', 'ದ್ರಾಕ್ಷಾರಸದ ಬಣ್ಣದ ಕಡಲು' ಇಂಥವು ಹೀಗೆ ಹುಟ್ಟಿದವು ಎಂದು ಪ್ಯಾರಿ ವಾದಿಸಿದ.

ಆ ಪುನರುಕ್ತಿಗೆ ಟಿ.ವಿ.ಯಲ್ಲಿ ಜಾಗವೆಲ್ಲಿ? ಕತ್ತರಿಯವರ ಕೈಗೆ ಸಿಕ್ಕರೆ ಮೊದಲು ಹೋಗುವುದು ಅದೇ. ನಾನು ಕುಮಾರವ್ಯಾಸನ ವಾಚನ ಕೇಳುತ್ತ ಬೆಳೆದವಳು. 'ಕೇಳು ಜನಮೇಜಯ' ಬಂದಾಗ ಕಥೆ ನಿಂತಿತು ಎಂದು ಯಾರೂ ಆಕಳಿಸುವುದಿಲ್ಲ. ಗಮಕಿ ಉಸಿರು ತೆಗೆದುಕೊಂಡರು, ನಾವೂ ತೆಗೆದುಕೊಂಡೆವು. ಒಡಿಸ್ಸಿಯ ಧಾರಾವಾಹಿಯಲ್ಲಿ ಪ್ರತಿ ಬೆಳಗೂ ಅದೇ ಕೋನದಿಂದ, ಅದೇ ಬಣ್ಣದಲ್ಲಿ, ಅದೇ ರಾಗದಲ್ಲಿ ಬರಲಿ. ಗಂಡುಮಕ್ಕಳ ಹೆಣ ಬಿದ್ದ ಮರುದಿನವೂ ಅದೇ ಬೆಳಗು. ಆಗ ಗೊತ್ತಾಗುತ್ತದೆ ಅದರ ಶಕ್ತಿ.

ಕತ್ತರಿ:

ಬೆಳಗಿನ ವಿಷಯ ಒಪ್ಪಿದೆ. ಒಂದೇ ತುಣುಕನ್ನು ಹತ್ತು ಸಲ ಬಳಸಿದರೆ ಖರ್ಚೂ ಉಳಿಯಿತು.

ಗಂಭೀರವಾಗಿಯೇ ಒಂದು ಮಾತು. ದೈತ್ಯನ ಗುಹೆಯ ಭಾಗವನ್ನು ಆ ಇಟಲಿಯವರು ಮಾರಿಯೊ ಬಾವಾ ಕೈಗೆ ಕೊಟ್ಟಿದ್ದರು. ಆತ ಮೂಲತಃ ಛಾಯಾಗ್ರಾಹಕ, ಭಯದ ಚಿತ್ರಗಳಿಗೆ ಹೆಸರಾದವರು, ಕ್ಯಾಮೆರಾದೊಳಗೇ ಕಣ್ಕಟ್ಟು ಮಾಡುವುದರಲ್ಲಿ ನಿಪುಣರು. ಇವತ್ತಿನ ಗಣಕಯಂತ್ರದ ದೈತ್ಯರಿಗಿಂತ ಆ ಪಾಲಿಫೀಮಸ್ ಹೆಚ್ಚು ಮೈ ಜುಮ್ಮೆನ್ನಿಸುತ್ತಾನೆ. ಹಾಗಾಗಿ ಕಡಲು ಬೇಡ, ದೈತ್ಯ ಬೇಡ, ಮನೆ ಸಾಕು ಎಂದು ಹಟ ಹಿಡಿಯಬೇಡಿ. ಮನೆಯಷ್ಟನ್ನೇ ಇಟ್ಟುಕೊಂಡೂ ಒಬ್ಬರು ಮಾಡಿದ್ದಾರೆ. 2013ರಲ್ಲಿ ಆರ್ಟೆ ವಾಹಿನಿಗಾಗಿ ಹನ್ನೆರಡು ಕಂತು, ಎಲ್ಲವೂ ಇಥಾಕಾದ ಸುತ್ತಲೇ. ದೈತ್ಯನಿಗಾಗಿ ಕಾದು ಕಾದು ನಾನು ಮೂರನೆಯ ಕಂತಿಗೇ ಎದ್ದುಬಿಟ್ಟೆ.

ಸಂಭಾಷಣೆಗಾರ:

ದೈತ್ಯ ಬೇಕು, ಒಪ್ಪುತ್ತೇನೆ. ಆದರೆ ನನ್ನ ತಲೆನೋವು ಅವನ ಒಂಟಿ ಕಣ್ಣಲ್ಲ, ಅವನ ಬಾಯಿ. ಕಥೆ ನಿಮಗೆ ಗೊತ್ತು: ಒಡಿಸಿಯಸ್ ತನ್ನ ಹೆಸರು 'ಊಟಿಸ್' ಎನ್ನುತ್ತಾನೆ, ಗ್ರೀಕಿನಲ್ಲಿ 'ಯಾರೂ ಅಲ್ಲ' ಎಂದರ್ಥ. ಕಣ್ಣು ಹೋದ ದೈತ್ಯ ಕೂಗಿಕೊಂಡಾಗ ಅಕ್ಕಪಕ್ಕದ ದೈತ್ಯರು ಬಂದು ಏನಾಯಿತು ಎಂದು ಕೇಳುತ್ತಾರೆ. 'ಊಟಿಸ್ ನನ್ನನ್ನು ಕೊಲ್ಲುತ್ತಿದ್ದಾನೆ' ಎನ್ನುತ್ತಾನೆ. ಯಾರೂ ಕೊಲ್ಲುತ್ತಿಲ್ಲವಲ್ಲ ಎಂದು ಅವರು ಮನೆಗೆ ಹೋಗುತ್ತಾರೆ.

ಇದನ್ನು ಕನ್ನಡದಲ್ಲಿ ಬರೆದು ನೋಡಿ. ನಮ್ಮಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿದೆ. 'ಯಾರೂ ನನ್ನನ್ನು ಕೊಲ್ಲುತ್ತಿದ್ದಾನೆ' ಎಂದರೆ ಮಗುವೂ ನಗುತ್ತದೆ. 'ಯಾರೂ ಕೊಲ್ಲುತ್ತಿಲ್ಲ' ಎಂದರೆ ಹೆಸರು ಹೋಯಿತು, ತಮಾಷೆಯೂ ಹೋಯಿತು. ಎರಡು ರಾತ್ರಿ ಇದರಲ್ಲೇ ಕಳೆದೆ. ಕೊನೆಗೆ ಹೊಳೆದದ್ದು ಇದು: ದೈತ್ಯ ವಾಕ್ಯ ಹೇಳಬಾರದು, ಪ್ರಶ್ನೆಗೆ ಉತ್ತರ ಕೊಡಬೇಕು. ಹೆಸರಿಗೆ ನಮ್ಮ ಕಡೆಯ ಬಾಲ ಹಚ್ಚಿದೆ.

'ನಿನ್ನ ಹೆಸರೇನು?'
'ಯಾರಿಲ್ಲಪ್ಪ. ಅಪ್ಪ, ಅಮ್ಮ, ಗೆಳೆಯರು ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ.'

ಆಮೇಲೆ ಗುಹೆಯ ಹೊರಗಿನಿಂದ:
'ಏಕೆ ಹೀಗೆ ಕಿರುಚುತ್ತೀಯ? ನಿನಗೆ ಹೊಡೆದವರು ಯಾರು?'
'ಯಾರಿಲ್ಲಪ್ಪ!'
'ನಿನ್ನ ಗುಹೆಯೊಳಗೆ ಯಾರಿದ್ದಾರೆ?'
'ಯಾರಿಲ್ಲಪ್ಪ! ಯಾರಿಲ್ಲಪ್ಪ!'
'ಹಾಗಾದರೆ ಬಾಯಿ ಮುಚ್ಚಿ ಮಲಗು.'

ಹಳೆಯ ಆಂಟೆನಾ:

ಯಾರಿಲ್ಲಪ್ಪ! ನಮ್ಮ ಮನೆಯವರನ್ನು ಕರೆದು ಓದಿ ಹೇಳಿದೆ. ಈ ಹೆಸರಿನವರು ಹಾವೇರಿ ಕಡೆ ನಾಲ್ಕು ಜನ ಸಿಗುತ್ತಾರೆ ಎಂದರು.

ಗಮಕಪ್ರಿಯೆ:

ಚೆನ್ನಾಗಿದೆ. ಆದರೆ ಮೂಲದಲ್ಲಿ ಇನ್ನೊಂದು ಮಡಿಕೆ ಇದೆ, ಅದು ಜಾರಿಹೋಯಿತು. ಅಕ್ಕಪಕ್ಕದ ದೈತ್ಯರು ತಿರುಗಿ ಹೇಳುವಾಗ 'ಊಟಿಸ್' ಎನ್ನುವುದಿಲ್ಲ, ಅದೇ ಅರ್ಥದ 'ಮೇ ಟಿಸ್' ಎನ್ನುತ್ತಾರೆ. ಆ ಎರಡು ಪದಗಳನ್ನು ಕೂಡಿಸಿ ಓದಿದರೆ 'ಮೇಟಿಸ್', ಅಂದರೆ ಜಾಣ್ಮೆ, ಉಪಾಯ. ನನ್ನ ಹೆಸರೂ ನನ್ನ ಮೇಟಿಸ್‌ ಕೂಡ ಅವನನ್ನು ಮೋಸ ಮಾಡಿದವು ಎಂದು ಒಡಿಸಿಯಸ್ ಒಳಗೊಳಗೇ ನಗುತ್ತಾನೆ. ಅದನ್ನು ಕನ್ನಡಕ್ಕೆ ತಂದರೆ ನಿಮಗೆ ನಾನೇ ಒಂದು ಶಾಲು ಹೊದೆಸುತ್ತೇನೆ.

ಸಂಭಾಷಣೆಗಾರ:

ಶಾಲು ಸದ್ಯ ನಿಮ್ಮ ಬೀರುವಿನಲ್ಲೇ ಇರಲಿ, ಮೇಡಂ.

ಬಾವಿಕಟ್ಟೆ:

ತಮಾಷೆಯ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮನೆಯ ಕಥೆ ಎಂದಿರಿ. ಹಾಗಾದರೆ 22ನೆಯ ಸರ್ಗದ ಆ ಹನ್ನೆರಡು ಹೆಣ್ಣುಮಕ್ಕಳನ್ನು ಏನು ಮಾಡುತ್ತೀರಿ?

ನೆನಪಿಲ್ಲದವರಿಗೆ: ಒಡಿಸಿಯಸ್ 108 ಮಂದಿ ಪ್ರಣಯಾರ್ಥಿಗಳನ್ನು ತನ್ನ ಮನೆಯ ಹಜಾರದಲ್ಲಿ ಕೊಲ್ಲುತ್ತಾನೆ. ಆಮೇಲೆ ದಾದಿ ಯೂರಿಕ್ಲಿಯಾಳನ್ನು ಕೇಳುತ್ತಾನೆ, ಮನೆಯ ಕೆಲಸದ ಹೆಂಗಸರಲ್ಲಿ ಅವರೊಡನೆ ಮಲಗಿದವರು ಯಾರು ಎಂದು. ಐವತ್ತರಲ್ಲಿ ಹನ್ನೆರಡು ಮಂದಿ ಎಂದು ಅವಳು ಹೇಳುತ್ತಾಳೆ. ಆ ಹನ್ನೆರಡು ಮಂದಿಯನ್ನು ಕರೆಸಿ ಮೊದಲು ಹೆಣ ಹೊರಿಸುತ್ತಾರೆ, ಮೇಜು ಕುರ್ಚಿಗಳ ಮೇಲಿನ ರಕ್ತವನ್ನು ನೀರು ಹಾಕಿ ಒರೆಸಿಸುತ್ತಾರೆ. ಕೆಲಸ ಮುಗಿದ ಮೇಲೆ ಹೊರಗೆ ಕರೆದೊಯ್ದು ಹಡಗಿನ ಹಗ್ಗ ಕಟ್ಟಿ ಸಾಲಾಗಿ ನೇಣು ಹಾಕುತ್ತಾರೆ. ಅಪ್ಪ ಹೇಳಿದ್ದು ಕತ್ತಿಯಿಂದ ಕೊಲ್ಲು ಎಂದು. ನೇಣು ಟೆಲಿಮೇಕಸ್‌ನ ಸ್ವಂತ ತೀರ್ಮಾನ, ಕತ್ತಿಯ ಮರ್ಯಾದೆಯ ಸಾವು ಇವರಿಗೆ ಬೇಡ ಎಂದು. ಗೂಡಿಗೆ ಮರಳುವಾಗ ಬಲೆಗೆ ಬಿದ್ದ ಹಕ್ಕಿಗಳಂತೆ ಎಂದು ಕವಿ ಹೋಲಿಸುತ್ತಾನೆ. ಕಾಲುಗಳು ಸ್ವಲ್ಪ ಒದ್ದಾಡಿದವು, ಹೆಚ್ಚು ಹೊತ್ತಲ್ಲ. ಅಷ್ಟೇ. ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ನಾಲ್ಕು ಸರ್ಗ ಅಮ್ಮನ ಸೆರಗು ಹಿಡಿದ ಪಾಪದ ಹುಡುಗನಂತೆ ತೋರಿಸಿದ ಟೆಲಿಮೇಕಸ್ 'ಗಂಡಸಾಗುವುದು' ಇಲ್ಲಿ. ನಿಮ್ಮ ಧಾರಾವಾಹಿ ಇದನ್ನು ಬಿಟ್ಟುಬಿಟ್ಟರೆ ಅದು ಮನೆಯ ಕಥೆಯಲ್ಲ, ಯಜಮಾನನ ಕಥೆ.

ಸಂಭಾಷಣೆಗಾರ:

ಇದಕ್ಕೆ ನನ್ನ ಬಳಿ ಸಿದ್ಧ ಉತ್ತರ ಇಲ್ಲ. ಬಿಡುವುದಿಲ್ಲ, ಅಷ್ಟು ಖಂಡಿತ. ಆದರೆ ಅವರನ್ನು ಏನೆಂದು ಕರೆಯಲಿ ಎಂಬಲ್ಲೇ ಲೇಖನಿ ನಿಂತಿದೆ. 'ಸೇವಕಿ' ಎಂದರೆ ತಿಂಗಳ ಸಂಬಳ ಇದ್ದಂತೆ ಕೇಳುತ್ತದೆ. 'ಪರಿಚಾರಿಕೆ' ಎಂದರೆ ಕೈಯಲ್ಲಿ ಚಾಮರ ಬರುತ್ತದೆ.

ಬಾವಿಕಟ್ಟೆ:

'ತೊತ್ತು' ಎಂದು ಕರೆಯಿರಿ. ಕನ್ನಡದಲ್ಲಿ ಪದ ಇರುವಾಗ ಹಿಂಜರಿಕೆ ಏಕೆ? ಇಂಗ್ಲಿಷಿನವರಿಗೂ ಇದೇ ಗೋಳು ಇತ್ತು. ನೂರಾರು ವರ್ಷ ಅವರೆಲ್ಲ ಮನೆಗೆಲಸದ ಹುಡುಗಿಯರೇ ಆಗಿದ್ದರು. 2017ರಲ್ಲಿ ಎಮಿಲಿ ವಿಲ್ಸನ್ ಅನುವಾದ ಬಂದಾಗ ಅವರನ್ನು ಗುಲಾಮರು ಎಂದೇ ಕರೆದದ್ದು ದೊಡ್ಡ ಸುದ್ದಿಯಾಯಿತು. ಕೊಂಡು ತಂದವರನ್ನು ಕೊಂಡು ತಂದವರು ಎಂದದ್ದಕ್ಕೆ ಸುದ್ದಿ! ನೇಣಿನ ದೃಶ್ಯ ಬರೆಯುವ ಮೊದಲು, ಮೊದಲ ಕಂತಿನಿಂದಲೇ ಈ ಹನ್ನೆರಡು ಮಂದಿಯಲ್ಲಿ ಇಬ್ಬರು ಮೂವರಿಗಾದರೂ ಮುಖ ಕೊಡಿ. ಮೆಲಾಂತೊ ಎಂಬವಳಿಗೆ ಹೋಮರನೇ ಹೆಸರು ಕೊಟ್ಟಿದ್ದಾನೆ, ಪೆನೆಲೊಪಿ ಅವಳನ್ನು ಮಗಳಂತೆ ಸಾಕಿದ್ದಳು ಎಂದೂ ಹೇಳಿದ್ದಾನೆ. ಇಷ್ಟು ಸಿಕ್ಕರೆ ಧಾರಾವಾಹಿಯವರಿಗೆ ಇನ್ನೇನು ಬೇಕು?

ಹಳೆಯ ಆಂಟೆನಾ:

ಬಾವಿಕಟ್ಟೆಯವರ ಮಾತಿಗೆ ಮುಂದೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ದಿಕ್ಕು ತಪ್ಪಿಸುತ್ತಿದ್ದೇನೆ ಎಂದುಕೊಳ್ಳಬೇಡಿ, ದೇವತೆಗಳ ವಿಷಯ ಯಾರೂ ಎತ್ತಲಿಲ್ಲ. ಯುರೋಪಿನವರಿಗೆ ಇದು ಮುಜುಗರದ ವಿಷಯ ಎಂದು ಕಾಣುತ್ತದೆ. ನಂಬದ ದೇವರನ್ನು ತೆರೆಯ ಮೇಲೆ ತಂದರೆ ಜನ ನಕ್ಕಾರು ಎಂದು ಒಂದೋ ಕೈಬಿಡುತ್ತಾರೆ, ಇಲ್ಲವೇ ಹೊಗೆ ಹಾಕುತ್ತಾರೆ. ನಮಗೆ ಆ ಸಂಕೋಚ ಏಕೆ? ಅಥೀನಾ ಮುದುಕನ ವೇಷದಲ್ಲಿ ಬಂದು ಟೆಲಿಮೇಕಸ್‌ಗೆ ಬುದ್ಧಿ ಹೇಳಿದರೆ ನಮ್ಮ ಅಜ್ಜಿ ಕಣ್ಣು ಮಿಟುಕಿಸುವುದಿಲ್ಲ. ದೇವರು ಬಂದರು, ಸರಿ, ಏನು ಹೇಳಿದರು ಎಂದು ಕೇಳುತ್ತಾರೆ.

ಕತ್ತರಿ:

2018ರಲ್ಲಿ ಬಿಬಿಸಿಯವರು ನೆಟ್‌ಫ್ಲಿಕ್ಸ್ ಜೊತೆ ಸೇರಿ ಟ್ರಾಯ್ ಪತನದ ಕಥೆಯನ್ನು ಎಂಟು ಕಂತು ಮಾಡಿದರಲ್ಲ, ಅದರಲ್ಲಿ ದೇವತೆಗಳು ಮನುಷ್ಯರಂತೆಯೇ ನಡುವೆ ನಡೆದಾಡುತ್ತಾರೆ. ಜನ ಅದನ್ನು ಬಿಟ್ಟು ಅಕಿಲಿಸ್ ಪಾತ್ರಕ್ಕೆ ಕಪ್ಪು ನಟನನ್ನು ಹಾಕಿದರು ಎಂದು ಬಡಿದಾಡಿದರು. ದೇವರ ಮಗ ಎಂದು ಒಪ್ಪುತ್ತಾರೆ, ಬಣ್ಣ ಒಪ್ಪುವುದಿಲ್ಲ! ನನಗೆ ತೊಂದರೆಯಾದದ್ದು ಬೇರೆ. ಹೋಮರನ ಇನ್ನೊಂದು ಕಾವ್ಯ ಇಲಿಯಡ್ ಇರುವುದು ಆ ಯುದ್ಧದ ಹತ್ತನೆಯ ವರ್ಷದ ಸುಮಾರು ಐವತ್ತು ದಿನಗಳ ಮೇಲೆ, ಒಬ್ಬ ಮನುಷ್ಯನ ಕೋಪದ ಮೇಲೆ. ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಯೂ ಅದರಲ್ಲಿ ಇಲ್ಲ, ಅಕಿಲಿಸ್‌ನ ಸಾವೂ ಇಲ್ಲ. ಟ್ರಾಯ್‌ನ ವೀರ ಹೆಕ್ಟರನ ಅಂತ್ಯಕ್ರಿಯೆಗೆ ಮುಗಿಯುತ್ತದೆ. ಟಿ.ವಿ.ಯವರಿಗೆ ಕುದುರೆ ಬಿಟ್ಟರೆ ಪೋಸ್ಟರ್ ಇಲ್ಲ.

ಗಮಕಪ್ರಿಯೆ:

ಕುದುರೆ ಇರುವುದು ಒಡಿಸ್ಸಿಯಲ್ಲಿ, ಎಂಥ ಕಡೆ ನೋಡಿ! ಎಂಟನೆಯ ಸರ್ಗದಲ್ಲಿ ಡೆಮೊಡೊಕಸ್ ಎಂಬ ಕುರುಡು ಗಾಯಕ ಅರಮನೆಯಲ್ಲಿ ಆ ಪ್ರಸಂಗ ಹಾಡುತ್ತಾನೆ. ಹಾಡಲು ಕೇಳಿದವನು ಒಡಿಸಿಯಸ್, ಅವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ತನ್ನದೇ ಗೆಲುವಿನ ಹಾಡು ಕೇಳಿ ಅವನು ಅಳುತ್ತಾನೆ. ಹೇಗೆ ಅಳುತ್ತಾನೆ ಎಂದರೆ, ಊರು ಕಾಯುತ್ತ ಬಿದ್ದ ಗಂಡನ ಮೇಲೆ ಬಿದ್ದು ಅಳುವ, ಬೆನ್ನಿಗೆ ಈಟಿ ತಿವಿಸಿಕೊಂಡು ಸೆರೆಗೆ ಹೋಗುವ ಹೆಂಗಸಿನಂತೆ. ಅಂದರೆ ಅವನೇ ಟ್ರಾಯ್‌ನಲ್ಲಿ ವಿಧವೆಯಾಗಿಸಿ ತೊತ್ತಾಗಿಸಿದ ಹೆಂಗಸಿನಂತೆ. ಬಾವಿಕಟ್ಟೆಯವರು ಕೇಳಿದ ಪ್ರಶ್ನೆ ಹೋಮರನಿಗೂ ಎಲ್ಲೋ ಚುಚ್ಚುತ್ತಿತ್ತು ಎಂದು ನನಗೆ ಇಲ್ಲಿ ಅನ್ನಿಸುತ್ತದೆ.

ಬಾವಿಕಟ್ಟೆ:

ಚುಚ್ಚುತ್ತಿತ್ತೇನೋ. ಆದರೂ ಹಗ್ಗ ಕಟ್ಟಿಸಿದ.

ಹೊಸಬ:

ಹೊಸದಾಗಿ ಸೇರಿದ್ದೇನೆ. ಒಂದು ಪೆದ್ದು ಪ್ರಶ್ನೆ: ಕಥೆಯನ್ನು ಗ್ರೀಸಿನಲ್ಲೇ ಏಕೆ ಇಡಬೇಕು? ನಮ್ಮ ಕಡಲತೀರಕ್ಕೆ ತಂದರೆ ಆಗದೇ?

ಗಮಕಪ್ರಿಯೆ:

ಪೆದ್ದು ಪ್ರಶ್ನೆಯಲ್ಲ, ಬಿ.ಎಂ.ಶ್ರೀಯವರಿಗೂ ಬಂದ ಪ್ರಶ್ನೆ. ಅವರು ಎರಡನ್ನೂ ಮಾಡಿ ತೋರಿಸಿದರು. ಸೊಫೊಕ್ಲಿಸನ ಅಯಾಸ್ ನಾಟಕವನ್ನು ತೆಗೆದುಕೊಂಡು ಟ್ರಾಯ್ ಯುದ್ಧದ ಆ ವೀರನನ್ನು ಅಶ್ವತ್ಥಾಮನನ್ನಾಗಿ ಮಾಡಿ ಕುರುಕ್ಷೇತ್ರಕ್ಕೆ ತಂದರು. ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಮಾಡುವಾಗ ಪರ್ಷಿಯನ್ನರನ್ನು ಪರ್ಷಿಯನ್ನರಾಗಿಯೇ ಬಿಟ್ಟರು. ಮೊದಲನೆಯದು ಸಾಧ್ಯವಾದದ್ದು ಅಲ್ಲಿನ ಅವಮಾನಕ್ಕೆ ಇಲ್ಲೊಂದು ಸಮಾನ ಅವಮಾನ ಸಿಕ್ಕಿದ್ದರಿಂದ. ಒಡಿಸಿಯಸ್‌ನಿಗೆ ನಮ್ಮಲ್ಲಿ ಜೋಡಿ ಯಾರು? ಸುಳ್ಳು ಹೇಳಿ, ಸುಳ್ಳಿಗಾಗಿಯೇ ದೇವತೆಯಿಂದ ಮೆಚ್ಚುಗೆ ಪಡೆಯುವ ನಾಯಕ? ಕೃಷ್ಣ ಹತ್ತಿರ ಬರುತ್ತಾನೆ, ಆದರೆ ಅವನು ಸ್ವತಃ ದೇವರು.

ಹಳೆಯ ಆಂಟೆನಾ:

ಫ್ರೆಂಚರೂ ಜಪಾನೀಯರೂ ಸೇರಿ 1981ರಲ್ಲಿ ಅವನನ್ನು 31ನೆಯ ಶತಮಾನದ ಅಂತರಿಕ್ಷಕ್ಕೇ ಕಳಿಸಿದ್ದಾರೆ, ಮಕ್ಕಳ ಕಾರ್ಟೂನ್. ಕಾರವಾರ ಯಾವ ಲೆಕ್ಕ?

ಅಂದ ಹಾಗೆ, ಧಾರಾವಾಹಿ ಬರೆಯುವವರಿಗಾಗಿ ಒಂದು ಸಂಗತಿ. 1968ರಲ್ಲಿ ಪೆನೆಲೊಪಿಯಾದ ಗ್ರೀಕ್ ನಟಿ ಇರೇನೆ ಪಾಪಸ್, 1997ರ ಅಮೆರಿಕದ ಒಡಿಸ್ಸಿಯಲ್ಲಿ ಆಂಟಿಕ್ಲಿಯಾ ಆಗಿದ್ದಾರೆ, ಅಂದರೆ ಒಡಿಸಿಯಸ್‌ನ ತಾಯಿ. 29 ವರ್ಷದಲ್ಲಿ ಅದೇ ಮನೆಯಲ್ಲಿ ಸೊಸೆ ಅತ್ತೆಯಾದಳು!

ಸಂಭಾಷಣೆಗಾರ:

ಇದನ್ನು ನಾಳೆಯೇ ನಮ್ಮ ನಿರ್ಮಾಪಕರಿಗೆ ಹೇಳುತ್ತೇನೆ. ಒಡಿಸ್ಸಿಗೆ ಹಣ ಹಾಕಲು ಅವರಿಗೆ ಇದೊಂದು ಕಾರಣ ಸಾಕು.

ಶುರುವಿನ ಜಗಳ ಬಗೆಹರಿಯಲಿಲ್ಲ, ಇರಲಿ. ಕೊನೆಯದ್ದು ಹೇಳಿ, ಎಲ್ಲಿ ನಿಲ್ಲಿಸುವುದು?

ಕತ್ತರಿ:

ನಾಯಿ. ಆರ್ಗೋಸ್. ಇಪ್ಪತ್ತು ವರ್ಷ ಕಾದ ನಾಯಿ, ಉಣ್ಣಿ ಹತ್ತಿದ ಮೈಯಲ್ಲಿ ತಿಪ್ಪೆಯ ಮೇಲೆ ಬಿದ್ದಿದೆ. ಭಿಕ್ಷುಕನ ವೇಷದ ಯಜಮಾನನ ದನಿ ಕೇಳಿ ಬಾಲ ಆಡಿಸುತ್ತದೆ, ಕಿವಿ ಇಳಿಸುತ್ತದೆ, ಹತ್ತಿರ ಬರಲು ಶಕ್ತಿಯಿಲ್ಲ. ಅವನು ಹತ್ತಿರ ಹೋಗುವಂತಿಲ್ಲ, ಗುರುತು ಸಿಕ್ಕಿಬಿಡುತ್ತದೆ. ಪಕ್ಕದಲ್ಲಿರುವವನಿಗೆ ಕಾಣದಂತೆ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾನೆ. ನಾಯಿ ಸಾಯುತ್ತದೆ. ಕಥೆ ಆಮೇಲೆ ಏಳು ಸರ್ಗ ಇದ್ದರೂ ಸರಿ, ನಾನು ಅಲ್ಲೇ ಕತ್ತರಿಸುತ್ತೇನೆ.

ಗಮಕಪ್ರಿಯೆ:

ಅಲೆಕ್ಸಾಂಡ್ರಿಯದ ಹಳೆಯ ವಿದ್ವಾಂಸರಾದ ಅರಿಸ್ಟೊಫನಿಸ್ ಮತ್ತು ಅರಿಸ್ಟಾರ್ಕಸ್ 23ನೆಯ ಸರ್ಗದ 296ನೆಯ ಸಾಲಿಗೇ ಒಡಿಸ್ಸಿ ಮುಗಿಯಿತು ಎಂದಿದ್ದರು. ಗಂಡಹೆಂಡತಿ ಮಲಗಲು ಹೋಗುವ ಸಾಲು ಅದು, ಆಲಿವ್ ಮರದ ಬುಡವನ್ನೇ ಕಾಲಾಗಿಸಿ ಕಟ್ಟಿದ, ಜರುಗಿಸಲಾಗದ ಆ ಮಂಚಕ್ಕೆ. ಉಂಗರೆತ್ತಿ ಹುಟ್ಟಿದ್ದೂ ಅಲೆಕ್ಸಾಂಡ್ರಿಯದಲ್ಲೇ, ನೋಡಿ.

ನನ್ನ ಮನಸ್ಸಿರುವುದು ಅದಕ್ಕೆ ಸ್ವಲ್ಪ ಮೊದಲಿನ ಮಾತಿನ ಮೇಲೆ. ಇಪ್ಪತ್ತು ವರ್ಷದ ನಂತರ ಮನೆಗೆ ಬಂದವನು ಮೊದಲ ರಾತ್ರಿಯೇ ಹೆಂಡತಿಗೆ ಹೇಳುತ್ತಾನೆ, ಮತ್ತೆ ಹೊರಡಬೇಕು ಎಂದು. ಟೈರೀಸಿಯಸ್‌ನ ಭವಿಷ್ಯವಾಣಿ: ದೋಣಿಯ ಹುಟ್ಟನ್ನು ಹೆಗಲ ಮೇಲೆ ಹೊತ್ತು ಒಳನಾಡಿಗೆ ನಡೆಯಬೇಕು, ಕಡಲು ಕಾಣದ, ಊಟಕ್ಕೆ ಉಪ್ಪು ಬೆರೆಸದ ಜನ ಸಿಗುವವರೆಗೆ. ದಾರಿಯಲ್ಲಿ ಯಾರೋ ಎದುರಾಗಿ 'ಇದೇನು, ಕಾಳು ತೂರುವ ಸಾಧನ ಹೊತ್ತಿದ್ದೀಯಲ್ಲ' ಎಂದು ಕೇಳಿದ ಜಾಗದಲ್ಲಿ ಹುಟ್ಟನ್ನು ನೆಟ್ಟು ಕಡಲ ದೇವರು ಪೊಸೈಡನ್‌ಗೆ ಬಲಿ ಕೊಡಬೇಕು. ಆ ನಡಿಗೆ ಒಡಿಸ್ಸಿಯಲ್ಲಿ ನಡೆಯುವುದೇ ಇಲ್ಲ, ಮಾತಿನಲ್ಲೇ ಉಳಿಯುತ್ತದೆ. ಕೊನೆಯ ದೃಶ್ಯ ಅದಾಗಲಿ.

ಹೊಸಬ:

ನಮ್ಮದು ಬಯಲುಸೀಮೆ. ನಮ್ಮ ಕಡೆ ಕಾಳು ತೂರುವುದು ಮೊರದಲ್ಲಿ. ದೋಣಿಯ ಹುಟ್ಟನ್ನು ನೋಡಿ ಮೊರ ಎಂದು ಯಾರೂ ಹೇಳುವುದಿಲ್ಲ, ಆಕಾರವೇ ಬೇರೆ. ಆದರೆ ನಮ್ಮ ಮಲೆನಾಡಿನ ಚಿಕ್ಕಮ್ಮ ಅನ್ನ ತಿರುವುವ ಮರದ ಸೌಟಿಗೂ ಹುಟ್ಟು ಎಂದೇ ಹೇಳುತ್ತಾರೆ. ಅದು ಬೇರೆ ಪದವೋ, ಇದೇ ಪದವೋ?

ಗಮಕಪ್ರಿಯೆ:

ಇದೇ ಪದ. ಕಿಟೆಲ್ ನಿಘಂಟಿನಲ್ಲಿ ಎರಡೂ ಅರ್ಥ ಇವೆ.

ಸಂಭಾಷಣೆಗಾರ:

ತಡೆಯಿರಿ, ಬರೆಯುತ್ತಿದ್ದೇನೆ.

ಹೊರಾಂಗಣ, ಹಗಲು. ಮಣ್ಣಿನ ದಾರಿ, ಎರಡೂ ಕಡೆ ಕೊಯ್ಲಾದ ಹೊಲ. ನರೆತ ಗಡ್ಡದ ಒಡಿಸಿಯಸ್, ಹೆಗಲ ಮೇಲೆ ಉದ್ದನೆಯ ಹುಟ್ಟು. ಎದುರಿನಿಂದ ಎತ್ತು ಹೊಡೆದುಕೊಂಡು ಬಂದ ಮುದುಕ ನಿಂತು ನೋಡುತ್ತಾನೆ.

ಮುದುಕ: ಎಷ್ಟು ದೊಡ್ಡ ಹುಟ್ಟು! ಯಾರ ಮನೆಯ ಮದುವೆಗೆ ಅಡುಗೆ, ಅಯ್ಯಾ?

ಒಡಿಸಿಯಸ್ ಅದನ್ನು ಹೆಗಲಿನಿಂದ ಇಳಿಸುತ್ತಾನೆ.